ಮ್ಯಾಕ್ಸ್ ಬಾರ್ನ್

ಬೆಳಗಾವಿಯ ಶಹಾಪುರ, ವಡಗಾವಿಗಳ ನೇಕಾರರ ಓಣಿಗಳಲ್ಲಿ ಬಣ್ಣವೇರಿಸಿದ ನೂಲನ್ನು ಒಣಗಲು ಹರವಿರುವುದನ್ನು ಆ ಕಡೆಯ ವಿದ್ಯಾರ್ಥಿಗಳು ಕಂಡಿರಬಹುದು. ಖಾನಾಪುರದ ಕಾಡುಗಳಲ್ಲಿ ಬೇಸಿಗೆಯ ಕೊನೆಗೆ ಮುರುಗಲ ಹಣ್ಣು ಮಾಗಿ ಕಡುಗೆಂಪಾಗುವುದನ್ನೂ, ಆ ಹಣ್ಣಿನ ರಸ ತಗುಲಿದ ಬಟ್ಟೆ ಎಷ್ಟು ತೊಳೆದರೂ ಕಲೆ ಬಿಡದಿರುವುದನ್ನೂ ಕಂಡಿರಬಹುದು. ಅಡುಗೆಮನೆಯ ಅರಿಸಿನಕ್ಕೆ ಒಂದಿಷ್ಟು ಸುಣ್ಣ ಬೆರೆಸಿದರೆ ಹಳದಿ ಮಾಯವಾಗಿ ಕೆಂಪು ಮೂಡುತ್ತದೆಯೆಂಬುದಂತೂ ಆರತಿಯ ತಟ್ಟೆ ಹಿಡಿದ ಎಲ್ಲರಿಗೂ ಗೊತ್ತು. ಈ ಬಣ್ಣಗಳು ಎಲ್ಲಿಂದ ಬರುತ್ತವೆ? ಅರಿಸಿನದಲ್ಲಿರುವ ಒಂದು ಸಣ್ಣ ಅಣು ಬಿಸಿಲಿನಲ್ಲಿರುವ ನೇರಿಳೆ ಮತ್ತು ನೀಲಿ ಬೆಳಕನ್ನು ನುಂಗಿ, ಉಳಿದ ಬೆಳಕನ್ನು ಹಿಂದಕ್ಕೆ ಕಳುಹಿಸುತ್ತದೆ. ಆ ಉಳಿಕೆಯೇ ನಮ್ಮ ಕಣ್ಣಿಗೆ ಹಳದಿ. ನುಂಗಿದ ಬೆಳಕು ಅಣುವಿನೊಳಗಿನ ಇಲೆಕ್ಟ್ರಾನನ್ನು ಕೆಳಗಿನ ಮೆಟ್ಟಿಲಿನಿಂದ ಮೇಲಿನ ಮೆಟ್ಟಿಲಿಗೆ ಏರಿಸುತ್ತದೆ. ಹೀಗೆ ಮೇಲೇರಿದ ಅಣುವಿನ ಅವಸ್ಥೆಯನ್ನು ಉದ್ರಿಕ್ತ ಸ್ಥಿತಿ ಎಂದು ಕರೆಯುತ್ತಾರೆ. ಮೆಟ್ಟಿಲುಗಳ ನಡುವಣ ಎತ್ತರವನ್ನು ಅಳೆಯದೆಯೇ, ಬರಿಯ ಗಣಿತದಿಂದ ಲೆಕ್ಕ ಹಾಕಿ ಹೇಳಲು ಸಾಧ್ಯವೆ? ಸಾಧ್ಯವೆಂದು ಇಂದು ಹೇಳಬಲ್ಲೆವು. ಆ ಲೆಕ್ಕಕ್ಕೆ ತಳಹದಿಯನ್ನು ಹಾಕಿದ ಮಹನೀಯರಲ್ಲಿ ಒಬ್ಬರು ಮ್ಯಾಕ್ಸ್ ಬಾರ್ನ್. ತಮ್ಮ ಬಾಳಿನ ಬಹು ಕಷ್ಟದ ದಿನಗಳಲ್ಲಿ ಅವರು ಆಶ್ರಯವನ್ನು ಬಯಸಿ ನಮ್ಮ ಬೆಂಗಳೂರಿಗೆ ಬಂದಿದ್ದರು.

ಬಾರ್ನ್ ಅವರು 1882ರ ಡಿಸೆಂಬರ್ 11ರಂದು ಜರ್ಮನಿಯ ಬ್ರೆಸ್ಲಾವ್ ನಗರದಲ್ಲಿ ಜನಿಸಿದರು. ಆ ನಗರ ಈಗ ಪೋಲೆಂಡಿಗೆ ಸೇರಿದೆ. ಅದರ ಹೆಸರೂ ವ್ರೊತ್ಸ್ವಾಫ್ ಎಂದು ಬದಲಾಗಿದೆ. ತಂದೆ ಗುಸ್ತಾವ್ ಬಾರ್ನ್ ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕರು. ತಾಯಿ ಬಟ್ಟೆಯ ಗಿರಣಿಗಳ ಒಡೆಯರ ಮನೆಯ ಮಗಳು. ಮನೆತನ ಯೆಹೂದ್ಯರದು. ಮಗುವಿಗೆ ನಾಲ್ಕು ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡರು. ಇನ್ನೂ ಹದಿನೆಂಟು ತುಂಬದಿರುವಾಗ ತಂದೆಯೂ ಗತಿಸಿದರು. ಬಾಲ್ಯದಲ್ಲಿ ಆಸ್ತಮಾ ರೋಗ ಅವರನ್ನು ಹಿಡಿದದ್ದು ಕೊನೆಯತನಕ ಬಿಡಲಿಲ್ಲ. ಶಾಲೆಯಲ್ಲಿ ಅವರು ಅಂಥ ಮೇಧಾವಿಯೆಂದು ಹೆಸರಾದವರೇನೂ ಅಲ್ಲ. ಯಾವ ಶಾಸ್ತ್ರವನ್ನು ಓದಬೇಕೆಂಬುದನ್ನೂ ಒಮ್ಮೆಗೇ ನಿರ್ಧರಿಸದೆ, ಕಾಲೇಜಿನ ಮೊದಲ ವರ್ಷಗಳಲ್ಲಿ ಹಲವು ವಿಷಯಗಳ ಪಾಠಗಳಿಗೆ ಹೋಗಿ ಕುಳಿತುಕೊಳ್ಳುತ್ತಿದ್ದರು. ಬ್ರೆಸ್ಲಾವ್‌ನಲ್ಲಿ ರೋಸಾನೆಸ್ ಎಂಬ ಗಣಿತಜ್ಞರು ಮಾತೃಕೆಗಳ ಬೀಜಗಣಿತವನ್ನು ಬೋಧಿಸುತ್ತಿದ್ದರು. ಸಂಖ್ಯೆಗಳನ್ನು ಅಡ್ಡಸಾಲು ಕಂಬಸಾಲುಗಳಲ್ಲಿ ಜೋಡಿಸಿ ಗುಣಿಸುವ ಆ ವಿದ್ಯೆಯಿಂದ ಪ್ರಕೃತಿವಿಜ್ಞಾನಕ್ಕೆ ಏನಾದರೂ ಪ್ರಯೋಜನವುಂಟೆಂದು ಆಗ ಯಾರೂ ತಿಳಿದಿರಲಿಲ್ಲ. ಬಾರ್ನ್ ಅದನ್ನು ಕಲಿತರು, ಮರೆಯಲಿಲ್ಲ.

1904ರಲ್ಲಿ ಅವರು ಗಟಿಂಗೆನ್ ವಿಶ್ವವಿದ್ಯಾನಿಲಯಕ್ಕೆ ಬಂದರು. ಆ ಕಾಲದಲ್ಲಿ ಗಣಿತಕ್ಕೆ ಗಟಿಂಗೆನ್ ಎಂದರೆ ಸಂಗೀತಕ್ಕೆ ಧಾರವಾಡವಿದ್ದಂತೆ. ಹಿಲ್ಬರ್ಟ್, ಕ್ಲೈನ್, ಮಿಂಕೋವ್‌ಸ್ಕಿ ಮೂವರೂ ಅಲ್ಲಿದ್ದರು. ಹಿಲ್ಬರ್ಟರ ಉಪನ್ಯಾಸಗಳನ್ನು ಬರೆದುಕೊಳ್ಳುವ ಕೆಲಸ ಬಾರ್ನರ ಪಾಲಿಗೆ ಬಂದಿತು. ಗುರುಗಳ ಜೊತೆ ಮನೆಯಲ್ಲಿಯೂ ಕಾಡುದಾರಿಯಲ್ಲಿಯೂ ನಡೆದಾಡುತ್ತ ಮಾತನಾಡುವ ಭಾಗ್ಯ ಇದರಿಂದ ದೊರೆಯಿತು. 1913ರಲ್ಲಿ ಹೆಡ್ವಿಗ್ ಎಹ್ರನ್‌ಬರ್ಗ್ ಎಂಬವರೊಡನೆ ಅವರ ವಿವಾಹವಾಯಿತು. ಮುಂದೆ ಬರ್ಲಿನ್ನಿನಲ್ಲಿದ್ದಾಗ ಐನ್‌ಸ್ಟೈನರ ಸ್ನೇಹ ಬೆಳೆಯಿತು. 1921ರಲ್ಲಿ ಗಟಿಂಗೆನ್‌ಗೇ ಪ್ರಾಧ್ಯಾಪಕರಾಗಿ ಹಿಂದಿರುಗಿದರು. ಗೆಳೆಯರಾದ ಜೇಮ್ಸ್ ಫ್ರಾಂಕ್ ಅವರನ್ನೂ ಪ್ರಯೋಗ ವಿಭಾಗಕ್ಕೆ ಬರಮಾಡಿಕೊಂಡರು.

ಮುಂದಿನ ಹನ್ನೆರಡು ವರ್ಷ ಅವರ ಬಾಳಿನ ಹೊನ್ನಿನ ಕಾಲ. ಪೌಲಿ, ಹೈಸೆನ್‌ಬರ್ಗ್, ಜೋರ್ಡಾನ್, ಓಪನ್‌ಹೈಮರ್ ಮೊದಲಾದ ತರುಣರು ಒಬ್ಬರ ಹಿಂದೊಬ್ಬರಂತೆ ಅವರ ಬಳಿಗೆ ಬಂದರು. ತನಗಿಂತ ಚುರುಕಾದ ಶಿಷ್ಯರನ್ನು ಹತ್ತಿರವಿರಿಸಿಕೊಳ್ಳಲು ಗುರುವಿಗೆ ಒಂದು ಬಗೆಯ ಧೈರ್ಯ ಬೇಕು. ಬಾರ್ನರಲ್ಲಿ ಅದು ಹೇರಳವಾಗಿತ್ತು. 1925ರ ಬೇಸಿಗೆಯಲ್ಲಿ ಹೈಸೆನ್‌ಬರ್ಗ್ ತಾವು ಬರೆದ ಒಂದು ಲೇಖನವನ್ನು ಅವರ ಕೈಗಿತ್ತರು. ಅದರಲ್ಲಿ ಪರಮಾಣುವಿಗೆ ಸಂಬಂಧಿಸಿದ ರಾಶಿಗಳನ್ನು ವಿಚಿತ್ರ ರೀತಿಯಲ್ಲಿ ಗುಣಿಸಲಾಗಿತ್ತು. ಮೊದಲನೆಯದನ್ನು ಎರಡನೆಯದರಿಂದ ಗುಣಿಸಿದರೆ ಬರುವ ಉತ್ತರವೇ ಬೇರೆ, ಎರಡನೆಯದನ್ನು ಮೊದಲನೆಯದರಿಂದ ಗುಣಿಸಿದರೆ ಬರುವ ಉತ್ತರವೇ ಬೇರೆ. ಬರೆದವರಿಗೇ ಇದರ ಬಗ್ಗೆ ಅಳುಕು. ಬಾರ್ನ್ ಹಲವು ದಿನ ಅದನ್ನೇ ಚಿಂತಿಸಿದರು. ಬ್ರೆಸ್ಲಾವ್‌ನಲ್ಲಿ ಇಪ್ಪತ್ತು ವರ್ಷಗಳ ಹಿಂದೆ ಕಲಿತಿದ್ದ ಮಾತೃಕೆಗಳು ಇವೇ ಎಂದು ಒಂದು ದಿನ ಅವರಿಗೆ ಹೊಳೆಯಿತು. ಜೊತೆಗೂಡಿ ದುಡಿಯಲು ಪೌಲಿಯನ್ನು ಕೇಳಿದಾಗ ಅವರು ಒಪ್ಪಲಿಲ್ಲ; ಜೋರ್ಡಾನ್ ಒಪ್ಪಿದರು. ಗುರುಶಿಷ್ಯರು ಕೂಡಿ ಆ ವರ್ಷ ಮುಗಿಯುವುದರೊಳಗೆ ಹೊಸ ಯಂತ್ರಶಾಸ್ತ್ರಕ್ಕೆ ಗಟ್ಟಿಯಾದ ಗಣಿತರೂಪವನ್ನು ಕೊಟ್ಟರು. ಅದಕ್ಕೆ ಕ್ವಾಂಟಂ ಯಂತ್ರಶಾಸ್ತ್ರ ಎಂದು ಹೆಸರು.

ಮರುವರ್ಷ, ಎಂದರೆ 1926ರಲ್ಲಿ, ಬಾರ್ನ್ ಇನ್ನೊಂದು ಹೆಜ್ಜೆ ಮುಂದಿಟ್ಟರು. ಶ್ರೋಡಿಂಗರ್ ಎಂಬ ವಿಜ್ಞಾನಿ ಇಲೆಕ್ಟ್ರಾನಿಗೆ ಒಂದು ಅಲೆಯ ಸಮೀಕರಣವನ್ನು ಬರೆದಿದ್ದರು. ಆ ಅಲೆ ಯಾವುದರ ಅಲೆ? ನೀರಿನಲ್ಲಿ ನೀರು ಏಳುಬೀಳುವಂತೆ ಇಲ್ಲಿ ಏಳುಬೀಳುವುದು ಯಾವುದು? ಅದು ಸಂಭವದ ಅಲೆ ಎಂದು ಬಾರ್ನ್ ಉತ್ತರವಿತ್ತರು. ಅಲೆಯ ಎತ್ತರದ ವರ್ಗವನ್ನು ತೆಗೆದುಕೊಂಡರೆ ಇಲೆಕ್ಟ್ರಾನು ಆ ಜಾಗದಲ್ಲಿ ಸಿಕ್ಕುವ ಸಂಭವ ಎಷ್ಟೆಂದು ತಿಳಿಯುತ್ತದೆ. ಇಷ್ಟು ದೊಡ್ಡ ಮಾತಿನಲ್ಲಿ ವರ್ಗ ಎಂಬ ಅಂಶ ಮೊದಲಿಗೆ ಬರೆಯುವಾಗ ಬಿಟ್ಟುಹೋಗಿತ್ತು. ಅಚ್ಚಿನ ಕರಡು ತಿದ್ದುವಾಗ ಅಡಿಟಿಪ್ಪಣಿಯಾಗಿ ಅದು ಸೇರಿತು! ಪ್ರಕೃತಿಯ ಬುಡದಲ್ಲಿ ನಿಶ್ಚಯವಿಲ್ಲ, ಸಂಭವವಷ್ಟೇ ಇದೆ ಎಂಬುದನ್ನು ಐನ್‌ಸ್ಟೈನರು ಕೊನೆಯವರೆಗೂ ಒಪ್ಪಲಿಲ್ಲ. ಆದರೂ ಅವರಿಬ್ಬರ ಪತ್ರವ್ಯವಹಾರ 1955ರಲ್ಲಿ ಐನ್‌ಸ್ಟೈನರು ತೀರಿಕೊಳ್ಳುವ ತನಕ ನಡೆದೇ ಇತ್ತು. ಮತಭೇದ ಬೇರೆ, ಸ್ನೇಹ ಬೇರೆ ಎಂಬುದನ್ನು ಇಬ್ಬರೂ ಬಲ್ಲವರಾಗಿದ್ದರು.

ಅಣುಗಳ ಬಣ್ಣದ ಲೆಕ್ಕಕ್ಕೆ ನೇರವಾಗಿ ಸಂಬಂಧಪಟ್ಟ ಕೆಲಸ ನಡೆದದ್ದು 1927ರಲ್ಲಿ. ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಶಾಲೆಯ ಪ್ರಯೋಗಶಾಲೆಯಲ್ಲಿ ಕಪ್ಪೆ, ಹಾವುಗಳನ್ನು ಕೆಡದಂತೆ ಇಡುವ ದ್ರಾವಣದಲ್ಲಿರುವ ಫಾರ್ಮಾಲ್ಡಿಹೈಡ್ ಎಂಬ ಅಣುವನ್ನು ತೆಗೆದುಕೊಳ್ಳಿ. ಬಹು ಚಿಕ್ಕ ಅಣು ಅದು: ಒಂದು ಇಂಗಾಲ, ಒಂದು ಆಮ್ಲಜನಕ, ಎರಡು ಜಲಜನಕ. ಆದರೂ ಅದರಲ್ಲಿ 4 ನ್ಯೂಕ್ಲಿಯಸ್ಸುಗಳೂ 16 ಇಲೆಕ್ಟ್ರಾನುಗಳೂ ಇವೆ. ಪ್ರತಿಯೊಂದೂ ಉಳಿದೆಲ್ಲವನ್ನು ಎಳೆಯುತ್ತದೆ ಅಥವಾ ತಳ್ಳುತ್ತದೆ. ಇಪ್ಪತ್ತು ಕಣಗಳ ಈ ಏಕಕಾಲದ ಕುಣಿತವನ್ನು ಒಂದೇ ಸಮೀಕರಣದಲ್ಲಿ ಹಿಡಿದು ಬಿಡಿಸುವುದು ಯಾವ ಗಣಿತಜ್ಞನಿಗೂ ಅಸಾಧ್ಯ. ಇಲ್ಲಿ ಬಾರ್ನ್ ಮತ್ತು ಅವರ ಶಿಷ್ಯ ಓಪನ್‌ಹೈಮರ್ ಒಂದು ಉಪಾಯವನ್ನು ಕಂಡರು.

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಹರಿದುಬರುವ ಮಲಪ್ರಭೆಯ ದಂಡೆಯಲ್ಲಿ ಎಮ್ಮೆಯೊಂದು ಮೇಯುತ್ತಿದೆಯೆಂದು ಭಾವಿಸೋಣ. ಅದರ ಸುತ್ತ ನೊಣಗಳ ಹಿಂಡು. ಎಮ್ಮೆ ಒಂದು ಹೆಜ್ಜೆ ಎತ್ತಿಡುವಷ್ಟರಲ್ಲಿ ನೊಣಗಳು ನೂರು ಸಲ ಅದನ್ನು ಸುತ್ತಿರುತ್ತವೆ. ನೊಣಗಳ ದೃಷ್ಟಿಯಿಂದ ಎಮ್ಮೆ ನಿಂತೇ ಇದೆ. ಎಮ್ಮೆಯ ದೃಷ್ಟಿಯಿಂದಲಾದರೋ ನೊಣಗಳು ಬಿಡಿಬಿಡಿಯಾಗಿ ಕಾಣಿಸದ ಒಂದು ಮೋಡ. ಎಮ್ಮೆ ಎಲ್ಲಿ ಹೋದರೆ ಆ ಮೋಡವೂ ಅಲ್ಲಿಗೆ ಹೋಗುತ್ತದೆ. ಅಣುವಿನಲ್ಲಿಯೂ ಹೀಗೆಯೇ. ಜಲಜನಕದ ನ್ಯೂಕ್ಲಿಯಸ್ಸು ಇಲೆಕ್ಟ್ರಾನಿಗಿಂತ 1836 ಪಟ್ಟು ಭಾರ; ಇಂಗಾಲದ್ದು ಸುಮಾರು 22,000 ಪಟ್ಟು. ಆದ್ದರಿಂದ ಮೊದಲು ನ್ಯೂಕ್ಲಿಯಸ್ಸುಗಳನ್ನು ಒಂದು ಕಡೆ ಅಲುಗದಂತೆ ನಿಲ್ಲಿಸಿ, ಇಲೆಕ್ಟ್ರಾನುಗಳ ಶಕ್ತಿಯನ್ನು ಮಾತ್ರ ಲೆಕ್ಕ ಹಾಕಬೇಕು. ಆಮೇಲೆ ನ್ಯೂಕ್ಲಿಯಸ್ಸುಗಳನ್ನು ಕೊಂಚ ಸರಿಸಿ ಮತ್ತೆ ಲೆಕ್ಕ ಹಾಕಬೇಕು. ಹೀಗೆ ಸರಿಸುತ್ತ ಹೋದರೆ ಅಣುವಿನ ಪ್ರತಿಯೊಂದು ಇಲೆಕ್ಟ್ರಾನ್ ಸ್ಥಿತಿಗೂ ಶಕ್ತಿಯ ಒಂದು ನಕ್ಷೆ ಸಿದ್ಧವಾಗುತ್ತದೆ, ಬೆಟ್ಟ ಕಣಿವೆಗಳುಳ್ಳ ನಾಡಿನ ನಕ್ಷೆಯಂತೆ. ಕೆಳಗಿನ ನಕ್ಷೆ ಶಾಂತಸ್ಥಿತಿಯದು. ಅದರ ಮೇಲಿನವು ಉದ್ರಿಕ್ತ ಸ್ಥಿತಿಗಳವು. ಎರಡು ನಕ್ಷೆಗಳ ನಡುವಣ ಎತ್ತರವೇ ಆ ಅಣು ನುಂಗುವ ಬೆಳಕಿನ ಶಕ್ತಿ. ಕಣಿವೆಯ ಜಾಗ ಎರಡರಲ್ಲಿಯೂ ಒಂದೇ ಆಗಿರಬೇಕೆಂದಿಲ್ಲ. ಫಾರ್ಮಾಲ್ಡಿಹೈಡ್ ಶಾಂತವಾಗಿದ್ದಾಗ ಕಾಗದದಂತೆ ಚಪ್ಪಟೆ. ಉದ್ರಿಕ್ತವಾದಾಗ ತುಸು ಬಾಗಿಕೊಳ್ಳುತ್ತದೆ, ಇಂಗಾಲ ಆಮ್ಲಜನಕಗಳ ನಡುವಣ ಅಂತರವೂ ಹಿಗ್ಗುತ್ತದೆ. ಈ ನಕ್ಷೆಯ ಮಾತೇ ಇಲ್ಲದಿದ್ದರೆ ಅಣುವಿಗೊಂದು ಆಕಾರವಿದೆಯೆಂದು ಹೇಳುವುದೂ ಕಷ್ಟ.

ಓಪನ್‌ಹೈಮರ್ ಈ ಲೇಖನವನ್ನು ಕೆಲವೇ ಪುಟಗಳಲ್ಲಿ ಬರೆದು ತಂದರಂತೆ. ಪ್ರತಿ ಹಂತಕ್ಕೂ ಸಾಧನೆ ಬೇಕೆನ್ನುವ ಗುರುಗಳು ಅದನ್ನು ಬಿಡಿಸಿ ಬಿಡಿಸಿ ಇಪ್ಪತ್ತೆಂಟು ಪುಟಗಳಿಗೆ ಬೆಳೆಸಿದರು. ಇಬ್ಬರ ಹೆಸರಿನಲ್ಲಿಯೇ ಆ ಉಪಾಯ ಪ್ರಸಿದ್ಧವಾಗಿದೆ. ಅದು ಎಲ್ಲ ಕಡೆಯೂ ನಿಲ್ಲುವುದಿಲ್ಲವೆಂಬುದನ್ನೂ ಹೇಳಬೇಕು. ಎರಡು ನಕ್ಷೆಗಳು ಒಂದನ್ನೊಂದು ಮುಟ್ಟುವಷ್ಟು ಹತ್ತಿರ ಬಂದಾಗ ಎಮ್ಮೆ ನೊಣಗಳ ಲೆಕ್ಕವನ್ನು ಬೇರೆ ಮಾಡಲಾಗದು. ನಮ್ಮ ಕಣ್ಣಿನ ಹಿಂಭಾಗದಲ್ಲಿ ಬೆಳಕು ಬಿದ್ದೊಡನೆ ತಿರುಚಿಕೊಳ್ಳುವ ಅಣುವಿನಲ್ಲಿ ನಡೆಯುವುದು ಇಂಥದೇ ಸಂಗತಿ.

ಓಪನ್‌ಹೈಮರ್ ಬಹು ಬುದ್ಧಿವಂತರಾದರೂ ತರಗತಿಯಲ್ಲಿ ಯಾರಿಗೂ ಮಾತನಾಡಲು ಬಿಡುತ್ತಿರಲಿಲ್ಲ. ಗುರುಗಳ ಮಾತನ್ನೇ ತಡೆದು ಕರಿಹಲಗೆಯ ಬಳಿಗೆ ಹೋಗಿಬಿಡುತ್ತಿದ್ದರು. ಬೇಸತ್ತ ಉಳಿದ ವಿದ್ಯಾರ್ಥಿಗಳು, ಇದು ನಿಲ್ಲದಿದ್ದರೆ ತರಗತಿಗೆ ಬರುವುದಿಲ್ಲವೆಂದು ಬರೆದು ರುಜು ಹಾಕಿ ಬಾರ್ನರಿಗೆ ಕೊಟ್ಟರು. ಎದುರಿಗೆ ಹೇಳಿ ಶಿಷ್ಯನ ಮನಸ್ಸನ್ನು ನೋಯಿಸಲು ಬಾರ್ನರಿಗೆ ಇಷ್ಟವಿಲ್ಲ. ಓಪನ್‌ಹೈಮರ್ ಬಂದಾಗ ಆ ಕಾಗದ ಕಣ್ಣಿಗೆ ಬೀಳುವಂತೆ ಮೇಜಿನ ಮೇಲೆ ಬಿಟ್ಟು, ಏನೋ ನೆಪ ಹೇಳಿ ಹೊರಗೆ ಹೋದರು. ಅಂದಿನಿಂದ ತರಗತಿ ಶಾಂತವಾಯಿತು.

ಆ ಅರ್ಜಿಯನ್ನು ಮುಂದೆ ನಿಂತು ಕೊಟ್ಟವರು ಮರಿಯಾ ಗೋಪರ್ಟ್ ಎಂಬ ತರುಣಿ. ಬಾರ್ನರ ಕೈಕೆಳಗೆ ಓದಿ 1930ರಲ್ಲಿ ಡಾಕ್ಟರ್ ಪದವಿಯನ್ನು ಪಡೆದ ಈಕೆ ಮದುವೆಯಾಗಿ ಅಮೆರಿಕಕ್ಕೆ ಹೋದರು. ಪತಿ ಅದೇ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರೆಂಬ ಕಾರಣದಿಂದ ಆಕೆಗೆ ಹುದ್ದೆ ಸಿಗಲಿಲ್ಲ. ಆದರೂ ಕೆಲಸ ಬಿಡಲಿಲ್ಲ. 1938ರಲ್ಲಿ ಸ್ಕ್ಲಾರ್ ಎಂಬ ವಿದ್ಯಾರ್ಥಿಯೊಡನೆ ಬೆಂಜೀನ್ ಅಣುವಿನ ಉದ್ರಿಕ್ತ ಸ್ಥಿತಿಗಳ ಲೆಕ್ಕವನ್ನು ಹಾಕಿದರು. ಬೆಂಜೀನಿನಲ್ಲಿ 42 ಇಲೆಕ್ಟ್ರಾನುಗಳಿದ್ದರೂ, ಉಂಗುರದ ಮೇಲೂ ಕೆಳಗೂ ಹರಡಿಕೊಂಡಿರುವ ಆರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರು. ಕಂಪ್ಯೂಟರುಗಳಿಲ್ಲದ ಕಾಲ, ಕಠಿಣವಾದ ಅನುಕಲನಗಳನ್ನು ಕೈಯಿಂದಲೇ ಬಿಡಿಸಬೇಕಾಗಿತ್ತು. ಬೆಂಜೀನ್ ನೇರಿಳೆಯಾಚೆಯ, ಕಣ್ಣಿಗೆ ಕಾಣದ ಬೆಳಕನ್ನು ನುಂಗುವುದರಿಂದ ನೀರಿನಂತೆ ಬಣ್ಣವಿಲ್ಲದೆ ಇರುತ್ತದೆ. ಅಳತೆಯಿಂದ ಎರವಲು ಪಡೆದ ಅಂಕೆಗಳಿಲ್ಲದೆ, ಗಣಿತದಿಂದಲೇ ಇಂಥ ಅಣುವಿನ ಮೆಟ್ಟಿಲುಗಳನ್ನು ಕಾಣಲು ನಡೆದ ಮೊದಲ ಪ್ರಯತ್ನಗಳಲ್ಲಿ ಇದು ಮುಖ್ಯವಾದದ್ದು. ಲೆಕ್ಕದಲ್ಲಿ ಕೊರತೆಗಳಿದ್ದುವು, ಮುಂದೆ ಬಂದವರು ತಿದ್ದಿದರು. ಪೋಪಲ್ ಮೊದಲಾದವರ ಶ್ರಮದಿಂದ ಈ ವಿದ್ಯೆ ಕಂಪ್ಯೂಟರಿಗೆ ಏರಿತು. ಪೋಪಲ್ ಮತ್ತು ಕೋನ್ ಅವರಿಗೆ 1998ರಲ್ಲಿ ರಸಾಯನವಿಜ್ಞಾನದ ನೊಬೆಲ್ ಪಾರಿತೋಷಕ ಬಂದಿತು.

ಗಟಿಂಗೆನ್ನಿನ ಆ ಕಾಲ 1933ರಲ್ಲಿ ಒಮ್ಮೆಗೇ ಮುಗಿಯಿತು. ಹಿಟ್ಲರನು ಅಧಿಕಾರಕ್ಕೆ ಬಂದ ಕೆಲವೇ ತಿಂಗಳಲ್ಲಿ ಯೆಹೂದ್ಯ ಮನೆತನದವರನ್ನು ಸರಕಾರಿ ಕೆಲಸದಿಂದ ತೆಗೆಯುವ ಕಾನೂನು ಬಂದಿತು. ಏಪ್ರಿಲ್ ತಿಂಗಳ ಕೊನೆಯಲ್ಲಿ ಬಾರ್ನ್ ತಮ್ಮ ಹೆಸರನ್ನು ಪತ್ರಿಕೆಯಲ್ಲಿ ಓದಿದರು. ಹನ್ನೆರಡು ವರ್ಷ ಕಟ್ಟಿ ಬೆಳೆಸಿದ ಸಂಸ್ಥೆ ಒಂದು ಬೆಳಗಿನಲ್ಲಿ ಪರರದಾಯಿತು. ಮೇ ತಿಂಗಳಲ್ಲಿ ಮನೆಮಂದಿಯೊಡನೆ ಇಟಲಿಯ ಬೆಟ್ಟದ ಹಳ್ಳಿಯೊಂದಕ್ಕೆ ಹೋದರು. ಅಲ್ಲಿಂದ ಇಂಗ್ಲೆಂಡಿನ ಕೇಂಬ್ರಿಜ್‌ಗೆ. ಅದೇ ವರ್ಷದ ಕೊನೆಗೆ, ಕ್ವಾಂಟಂ ಯಂತ್ರಶಾಸ್ತ್ರವನ್ನು ಕಟ್ಟಿದ್ದಕ್ಕಾಗಿ ನೊಬೆಲ್ ಪಾರಿತೋಷಕ ಹೈಸೆನ್‌ಬರ್ಗರೊಬ್ಬರಿಗೇ ಬಂದಿತು. ಗುರುಗಳನ್ನೂ ಜೋರ್ಡಾನರನ್ನೂ ಬಿಟ್ಟು ತಾವೊಬ್ಬರೇ ಪಡೆಯುವುದು ತಮಗೆ ಸಂಕೋಚವನ್ನುಂಟುಮಾಡಿದೆಯೆಂದು ಹೈಸೆನ್‌ಬರ್ಗ್ ಪತ್ರ ಬರೆದರು. ಕೇಂಬ್ರಿಜ್‌ನ ಕೆಲಸವಾದರೋ ತಾತ್ಕಾಲಿಕವಾದದ್ದು. ಐವತ್ತು ದಾಟಿದ ವಯಸ್ಸಿನಲ್ಲಿ ಮುಂದಿನ ವರ್ಷದ ಅನ್ನ ಎಲ್ಲಿಯದೆಂಬ ಚಿಂತೆ ಅವರಿಗೆ ತಪ್ಪಲಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ 1933ರಲ್ಲಿ ಸರ್ ಸಿ. ವಿ. ರಾಮನ್ ನಿರ್ದೇಶಕರಾಗಿ ಬಂದಿದ್ದರು. ಆ ಸ್ಥಾನಕ್ಕೇರಿದ ಮೊದಲ ಭಾರತೀಯರು ಅವರು. ಜರ್ಮನಿ ಹೊರಗಟ್ಟಿದ ಮೇಧಾವಿಗಳನ್ನು ನಮ್ಮ ನಾಡಿಗೆ ಕರೆತಂದರೆ ಇಲ್ಲಿನ ಭೌತವಿಜ್ಞಾನ ಹತ್ತಾರು ವರ್ಷ ಮುಂದಕ್ಕೆ ಜಿಗಿಯುವುದೆಂದು ರಾಮನ್ ಎಣಿಸಿದರು. ಅವರ ಕರೆಯಂತೆ 1935ರ ಕೊನೆಯ ತಿಂಗಳುಗಳಲ್ಲಿ ಬಾರ್ನ್ ಪತ್ನಿಯೊಡನೆ ಬೆಂಗಳೂರಿಗೆ ಬಂದರು. ಸುಮಾರು ಆರು ತಿಂಗಳು ಇಲ್ಲಿದ್ದು ಪಾಠ ಹೇಳಿದರು. ತರುಣ ವಿಜ್ಞಾನಿ ನಾಗೇಂದ್ರನಾಥ್ ಅವರ ಜೊತೆಗೂಡಿ ಬರೆದ ಲೇಖನಗಳು, ರಾಮನ್ ಅವರು ಸ್ಥಾಪಿಸಿದ್ದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ 1936ರಲ್ಲಿ ಪ್ರಕಟವಾದುವು. ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರು ದಂಪತಿಗಳನ್ನು ಆದರದಿಂದ ಕಂಡರು. ಹೆಡ್ವಿಗ್ ಅವರಿಗಂತೂ ಈ ದೇಶ ಮನಸ್ಸಿಗೆ ಬಹಳ ಹಿಡಿಸಿತು.

ರಾಮನ್ ಬಾರ್ನರಿಗೆ ಇಲ್ಲಿಯೇ ಖಾಯಂ ಪ್ರಾಧ್ಯಾಪಕ ಪದವಿ ಕೊಡಿಸಬೇಕೆಂದು ಸಂಕಲ್ಪಿಸಿದರು. ವಿಷಯ ಅಧ್ಯಾಪಕರ ಸಭೆಯ ಮುಂದೆ ಬಂದಿತು. ರಾಮನ್ ಮನದುಂಬಿ ಬಾರ್ನರ ಸಾಧನೆಯನ್ನು ಬಣ್ಣಿಸಿದರು. ಆಗ ಇಂಗ್ಲೆಂಡಿನಿಂದ ಹೊಸದಾಗಿ ಬಂದಿದ್ದ ಎಂಜಿನಿಯರಿಂಗ್ ಪ್ರಾಧ್ಯಾಪಕರೊಬ್ಬರು ಎದ್ದು ನಿಂತು, ಸ್ವಂತ ದೇಶದಿಂದ ತಳ್ಳಲ್ಪಟ್ಟ ಎರಡನೆಯ ದರ್ಜೆಯ ಪರದೇಶಿ ಈ ಸಂಸ್ಥೆಗೆ ತಕ್ಕವನಲ್ಲವೆಂಬ ಅರ್ಥದ ಮಾತನಾಡಿದರು. ಬಾರ್ನ್ ಆ ಸಭೆಯಲ್ಲಿಯೇ ಕುಳಿತಿದ್ದರು. ಆ ಪ್ರಾಧ್ಯಾಪಕರು ಬೆಂಗಳೂರಿಗೆ ಬಂದ ಹೊಸದರಲ್ಲಿ ಅವರನ್ನು ಮನೆಯಲ್ಲಿರಿಸಿಕೊಂಡು ಉಪಚರಿಸಿದ್ದವರು ಬಾರ್ನ್ ದಂಪತಿಗಳೇ! ಮನೆಗೆ ಹಿಂದಿರುಗಿದ ಬಾರ್ನ್ ಪತ್ನಿಯ ಮುಂದೆ ಕಣ್ಣೀರಿಟ್ಟರು. ಮುಪ್ಪಿನಲ್ಲಿ ಬರೆದ ಆತ್ಮಕಥೆಯಲ್ಲಿಯೂ ಆ ದಿನದ ನೋವನ್ನು ಅವರು ಮರೆಯದೆ ದಾಖಲಿಸಿದ್ದಾರೆ. ಹುದ್ದೆ ದೊರೆಯಲಿಲ್ಲ. 1936ರ ವಸಂತದಲ್ಲಿ ಅವರು ಇಂಗ್ಲೆಂಡಿಗೆ ಮರಳಿದರು. ರಾಮನ್ ಅವರ ಮೇಲೂ ಸಂಸ್ಥೆಯೊಳಗೆ ಅಸಮಾಧಾನ ಬೆಳೆದು, 1937ರಲ್ಲಿ ಅವರು ನಿರ್ದೇಶಕ ಪದವಿಯನ್ನು ಬಿಡಬೇಕಾಯಿತು. ಗಟಿಂಗೆನ್ನಿನಲ್ಲಿ ಅಷ್ಟೊಂದು ಜನರನ್ನು ತಿದ್ದಿದ ಗುರು ಬೆಂಗಳೂರಿನಲ್ಲಿ ಹದಿನೈದು ವರ್ಷ ನೆಲೆಸಿದ್ದರೆ ಕನ್ನಡನಾಡಿನ ತರುಣರಲ್ಲಿ ಎಷ್ಟು ಮಂದಿ ಅಣುಗಳ ಗಣಿತಕ್ಕೆ ತೊಡಗುತ್ತಿದ್ದರೋ!

ರಷ್ಯದಲ್ಲಿ ಒಂದು ಕೆಲಸ ಸಿಗುವ ಸೂಚನೆಯಿತ್ತು. ಬಾರ್ನ್ ಆ ಭಾಷೆಯನ್ನು ಕಲಿಯಲೂ ತೊಡಗಿದ್ದರು. ಅಷ್ಟರಲ್ಲಿ ಸ್ಕಾಟ್‌ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾನಿಲಯ ಅವರನ್ನು ಕರೆಯಿತು. 1936ರಿಂದ 1953ರವರೆಗೆ ಅಲ್ಲಿ ಪ್ರಾಧ್ಯಾಪಕರಾಗಿದ್ದರು. ಎರಡನೆಯ ಮಹಾಯುದ್ಧ ಆರಂಭವಾಗುವ ಹಿಂದಿನ ದಿನ, 1939ರ ಆಗಸ್ಟ್ 31ರಂದು, ಅವರಿಗೆ ಬ್ರಿಟಿಷ್ ಪೌರತ್ವ ದೊರೆಯಿತು. ಅವರ ಹಳೆಯ ಶಿಷ್ಯರಲ್ಲಿ ಹಲವರು ಪರಮಾಣು ಬಾಂಬಿನ ಕೆಲಸಕ್ಕೆ ಹೋದರು. ಓಪನ್‌ಹೈಮರ್ ಅದರ ಮುಂದಾಳೇ ಆದರು. ಬಾರ್ನ್ ಅದರಲ್ಲಿ ಕೈಹಾಕಲಿಲ್ಲ. 1955ರಲ್ಲಿ ರಸೆಲ್ ಮತ್ತು ಐನ್‌ಸ್ಟೈನರು ಅಣ್ವಸ್ತ್ರಗಳ ವಿರುದ್ಧ ಹೊರಡಿಸಿದ ಹೇಳಿಕೆಗೆ ರುಜು ಹಾಕಿದವರಲ್ಲಿ ಅವರೂ ಒಬ್ಬರು.

ಈ ನಡುವೆ ರಾಮನ್ ಅವರೊಡನೆ ಒಂದು ದೊಡ್ಡ ವಾದವೂ ನಡೆಯಿತು. ಹರಳುಗಳಲ್ಲಿ ಪರಮಾಣುಗಳು ಹೇಗೆ ಕಂಪಿಸುತ್ತವೆ ಎಂಬುದರ ಬಗ್ಗೆ ಬಾರ್ನ್ ತರುಣರಾಗಿದ್ದಾಗಲೇ ಒಂದು ಸಿದ್ಧಾಂತವನ್ನು ಕಟ್ಟಿದ್ದರು. 1940ರ ದಶಕದಲ್ಲಿ ರಾಮನ್ ಅದನ್ನು ಬಲವಾಗಿ ಅಲ್ಲಗಳೆದರು. ವಜ್ರದ ಮೇಲೆ ತಾವು ಮಾಡಿಸಿದ ಪ್ರಯೋಗಗಳನ್ನು ಸಾಕ್ಷಿಗೆ ತಂದರು. ಎಡಿನ್‌ಬರೋದಲ್ಲಿ ಬಾರ್ನರ ಶಿಷ್ಯೆ ಹೆಲೆನ್ ಸ್ಮಿತ್ ಅದೇ ವಜ್ರದ ರೋಹಿತವನ್ನು ಬಾರ್ನರ ಸಿದ್ಧಾಂತದಿಂದಲೇ ಲೆಕ್ಕ ಹಾಕಿ 1948ರಲ್ಲಿ ತೋರಿಸಿದರು. ವಿಜ್ಞಾನಲೋಕ ಬಾರ್ನರ ಪಕ್ಷವನ್ನೇ ಒಪ್ಪಿತು. ಬೆಂಗಳೂರಿನಲ್ಲಿ ತಮಗಾಗಿ ಹೋರಾಡಿದವರೊಡನೆ ಹೀಗೆ ಎದುರುಬದುರಾಗಿ ನಿಲ್ಲಬೇಕಾದದ್ದು ವಿಧಿಯ ಒಂದು ಚೋದ್ಯ.

1954ರಲ್ಲಿ, ಎಂದರೆ ಸಂಭವದ ಅಲೆಯ ಮಾತನ್ನು ಆಡಿದ ಇಪ್ಪತ್ತೆಂಟು ವರ್ಷಗಳ ನಂತರ, ಬಾರ್ನರಿಗೆ ನೊಬೆಲ್ ಪಾರಿತೋಷಕ ಬಂದಿತು. ಆಗ ಅವರಿಗೆ ಎಪ್ಪತ್ತೊಂದು ವಯಸ್ಸು. ಅಷ್ಟರಲ್ಲಿ ಅವರು ನಿವೃತ್ತರಾಗಿ ಜರ್ಮನಿಗೆ ಮರಳಿ, ಗಟಿಂಗೆನ್ನಿಗೆ ದೂರವಲ್ಲದ ಬಾಟ್ ಪಿರ್ಮೋಂಟ್ ಎಂಬ ಸಣ್ಣ ಊರಿನಲ್ಲಿ ನೆಲೆಸಿದ್ದರು. ತಮ್ಮನ್ನು ಹೊರಗಟ್ಟಿದ ನಾಡಿಗೆ ಹೋಗುವುದೇಕೆಂದು ಐನ್‌ಸ್ಟೈನರು ಮುನಿಸಿಕೊಂಡರೂ ಬಾರ್ನ್ ಕೇಳಲಿಲ್ಲ. 1957ರಲ್ಲಿ ಜರ್ಮನಿಯ ಸೈನ್ಯಕ್ಕೆ ಅಣ್ವಸ್ತ್ರ ಬೇಡವೆಂದು ಹದಿನೆಂಟು ಮಂದಿ ವಿಜ್ಞಾನಿಗಳು ಸಾರಿದಾಗ, ಹೈಸೆನ್‌ಬರ್ಗರ ಹೆಸರಿನೊಡನೆ ಬಾರ್ನರ ಹೆಸರೂ ಅದರಲ್ಲಿತ್ತು. ಅಮೆರಿಕದಲ್ಲಿದ್ದ ಮರಿಯಾ ಅವರಿಗೆ 1963ರಲ್ಲಿ ನೊಬೆಲ್ ಬಂದದ್ದನ್ನು ಕಾಣುವ ಸಂತೋಷವೂ ಹಳೆಯ ಗುರುಗಳಿಗೆ ದೊರೆಯಿತು.

ಬಾರ್ನ್ ಅವರು 1970ರ ಜನವರಿ 5ರಂದು ಗಟಿಂಗೆನ್ನಿನಲ್ಲಿ ತೀರಿಕೊಂಡರು. ಅದೇ ವರ್ಷದ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ರಾಮನ್ ಅವರೂ ಕಾಲವಾದರು. ಗಟಿಂಗೆನ್ನಿನ ಸ್ಮಶಾನದಲ್ಲಿ ಬಾರ್ನರ ಸಮಾಧಿಯ ಕಲ್ಲಿನ ಮೇಲೆ 1925ರ ಆ ಸಮೀಕರಣವನ್ನು ಕೆತ್ತಿದ್ದಾರೆ. ಎರಡು ರಾಶಿಗಳನ್ನು ಒಂದು ಕ್ರಮದಲ್ಲಿ ಗುಣಿಸಿ, ಅದರಿಂದ ಅವುಗಳದೇ ತಿರುವುಮುರುವು ಗುಣಲಬ್ಧವನ್ನು ಕಳೆದರೆ ಸೊನ್ನೆ ಬಾರದು, ಒಂದು ಚಿಕ್ಕ ಶೇಷ ಉಳಿಯುತ್ತದೆ ಎಂಬುದು ಅದರ ಅರ್ಥ.